ಸ್ನಾತಕೋತ್ತರ ಫಾರ್ಮಸಿ ಶಿಕ್ಷಣದಲ್ಲಿ ಗೈಡ್ ಮತ್ತು ಸಂಶೋಧನೆ: ಬಳ್ಳಾರಿ–ವಿಜಯನಗರ ಸೀಮೆಯಿಂದ ಒಂದು ನೋಟ

ಫಾರ್ಮಸಿ ಓದಿನ ಮೇಲಿನ ಹಂತಗಳಾದ ಎಂ.ಫಾರ್ಮ್, ಫಾರ್ಮ್.ಡಿ ಮತ್ತು ಪಿಎಚ್.ಡಿಗಳಲ್ಲಿ ವಿದ್ಯಾರ್ಥಿಯು ಒಬ್ಬ ಅಧ್ಯಾಪಕರ ಕೈಕೆಳಗೆ ಸಂಶೋಧನೆ ನಡೆಸಿ ಪ್ರಬಂಧ ಒಪ್ಪಿಸಬೇಕು. ಆ ಅಧ್ಯಾಪಕರೇ ಗೈಡ್. ವಿಷಯ ಗೊತ್ತುಮಾಡುವುದು, ಪ್ರಯೋಗದ ದಾರಿ ತಿದ್ದುವುದು, ಬರವಣಿಗೆ ಓದುವುದು, ವೈವಾಕ್ಕೆ ಸಜ್ಜುಗೊಳಿಸುವುದು ಇವೆಲ್ಲ ಅವರ ಹೊಣೆ. ಹೊಸಪೇಟೆ–ಬಳ್ಳಾರಿ ರೈಲು ಮಾರ್ಗದ ಗಾದಿಗನೂರಿನಂಥ ಊರಿನಿಂದ ಈ ಓದಿಗೆ ಹೊರಡುವವರಿಗೆ ಹತ್ತಿರದ ಕಾಲೇಜುಗಳೆಂದು ಎರಡನ್ನು ಹೆಸರಿಸಬಹುದು. ಪೂರ್ವಕ್ಕೆ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘದ ಟಿ.ವಿ.ಎಂ. ಫಾರ್ಮಸಿ ಕಾಲೇಜು, ನೈಋತ್ಯಕ್ಕೆ ಹರಪನಹಳ್ಳಿಯಲ್ಲಿ ಎಸ್.ಸಿ.ಎಸ್. ಫಾರ್ಮಸಿ ಕಾಲೇಜು. ಇನ್ನೂ ಮುಂದೆ ಹೋದರೆ ರಾಯಚೂರಿನ ವಿ.ಎಲ್. ಕಾಲೇಜು, ದಾವಣಗೆರೆಯ ಬಾಪೂಜಿ, ಚಿತ್ರದುರ್ಗದ ಎಸ್.ಜೆ.ಎಂ., ಕಲಬುರಗಿಯಲ್ಲಿ ಎಚ್‌ಕೆಇ ಸೊಸೈಟಿಯ ಮಾತೋಶ್ರೀ ತಾರಾದೇವಿ ರಾಂಪುರೆ ಸಂಸ್ಥೆ ಸಿಗುತ್ತವೆ.

ಸಂಶೋಧನೆ ಸೊರಗುವುದಕ್ಕೆ ಇಂಥ ಊರುಗಳಲ್ಲಿ ಸಾಮಾನ್ಯವಾಗಿ ಹೇಳುವ ಕಾರಣ ಯಂತ್ರೋಪಕರಣಗಳ ಕೊರತೆ. ಅದು ನಿಜವೇ, ಆದರೆ ಅರ್ಧ ಮಾತ್ರ. ಪ್ರಶ್ನೆ ಆರಿಸುವಾಗಿನ ಅವಸರ ಮತ್ತು ಗೈಡ್ ಲ್ಯಾಬಿನಲ್ಲಿ ವಿದ್ಯಾರ್ಥಿಯ ಪಕ್ಕ ನಿಲ್ಲುವ ಹೊತ್ತಿನ ಕೊರತೆ ಅದಕ್ಕಿಂತ ಹೆಚ್ಚು ಹಾನಿ ಮಾಡುತ್ತವೆ.

ಹಿನ್ನೆಲೆ

ಭಾರತದಲ್ಲಿ ಫಾರ್ಮಸಿಯನ್ನು ವಿಶ್ವವಿದ್ಯಾಲಯದ ವಿಷಯವಾಗಿಸಿದವರು ಮಹಾದೇವ ಲಾಲ್ ಶ್ರಾಫ್ (1902–1971). ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ 1932ರಲ್ಲಿ ಅವರು ಆರಂಭಿಸಿದ ಬೋಧನೆ 1937ರಲ್ಲಿ ಬಿ.ಫಾರ್ಮ್ ಪದವಿಯ ರೂಪ ಪಡೆಯಿತು. ಕೆಲವೇ ವರ್ಷಗಳಲ್ಲಿ ಸಂಶೋಧನೆಯ ಮೇಲೆ ನಿಂತ ಎಂ.ಫಾರ್ಮ್ ಕೂಡ ಅಲ್ಲೇ ಹುಟ್ಟಿತು. 1939ರಲ್ಲಿ ಅವರೇ ಫಾರ್ಮಸಿಗೆಂದು ಒಂದು ಸಂಶೋಧನಾ ಪತ್ರಿಕೆಯನ್ನೂ ಆರಂಭಿಸಿದರು. ಅದು ಇಂದಿಗೂ ಇಂಡಿಯನ್ ಜರ್ನಲ್ ಆಫ್ ಫಾರ್ಮಾಸ್ಯುಟಿಕಲ್ ಸೈನ್ಸಸ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಕಲಿಸುವವರು ಸಂಶೋಧನೆಯನ್ನೂ ಮಾಡಬೇಕು, ಮಾಡಿದ್ದನ್ನು ಪ್ರಕಟಿಸಲು ಒಂದು ಜಾಗವೂ ಬೇಕು ಎಂಬುದು ಅವರಿಗೆ ಮೊದಲ ದಿನಗಳಲ್ಲೇ ಹೊಳೆದಿತ್ತು. ಅವರ ಜನ್ಮದಿನವಾದ ಮಾರ್ಚ್ 6 ಈಗ ರಾಷ್ಟ್ರೀಯ ಫಾರ್ಮಸಿ ಶಿಕ್ಷಣ ದಿನ.

1948ರ ಫಾರ್ಮಸಿ ಕಾಯ್ದೆಯ ಅಡಿಯಲ್ಲಿ ಮರುವರ್ಷ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ, ಅಂದರೆ ಪಿಸಿಐ, ರಚನೆಯಾಯಿತು. ಕರ್ನಾಟಕದಲ್ಲಿ ಮಣಿಪಾಲದ ಕಾಲೇಜು 1963ರಲ್ಲಿ, ಬೆಳಗಾವಿಯ ಕೆಎಲ್‌ಇ 1968ರಲ್ಲಿ, ಮೈಸೂರಿನ ಜೆಎಸ್‌ಎಸ್ 1973ರಲ್ಲಿ ಆರಂಭವಾದವು. ಆಗ ಹೈದರಾಬಾದ್ ಕರ್ನಾಟಕ ಎನ್ನುತ್ತಿದ್ದ ಈ ಭಾಗದ ಕಾಲೇಜುಗಳು ಮೊದಲು ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದ ಮೇಲೆ ರಾಜ್ಯದ ಬಹುತೇಕ ಫಾರ್ಮಸಿ ಕಾಲೇಜುಗಳು ಅದರ ತೆಕ್ಕೆಗೆ ಸೇರಿದವು. ಪರೀಕ್ಷೆ, ಗೈಡ್‌ಗಳಿಗೆ ಮಾನ್ಯತೆ, ಪ್ರಬಂಧದ ನೋಂದಣಿ ಎಲ್ಲವೂ ಬೆಂಗಳೂರಿನ ಒಂದೇ ಕಚೇರಿಯ ಮೂಲಕ ಆಗತೊಡಗಿತು. ಸಣ್ಣ ಊರಿನ ಕಾಲೇಜುಗಳಿಗೆ ಇದರಿಂದ ಆದ ದೊಡ್ಡ ಉಪಕಾರವೆಂದರೆ 2003ರಲ್ಲಿ ಆರಂಭವಾದ ಹೆಲಿನೆಟ್. ವಿಶ್ವವಿದ್ಯಾಲಯವೇ ಚಂದಾ ಕಟ್ಟಿ ತರಿಸುವ ಆನ್‌ಲೈನ್ ಪತ್ರಿಕೆಗಳನ್ನು ಅಂಗಸಂಸ್ಥೆಗಳೆಲ್ಲ ಓದುವಂತಾಯಿತು. ಒಂದು ಲೇಖನದ ಪ್ರತಿಗಾಗಿ ಹರಪನಹಳ್ಳಿಯಿಂದ ಬೆಂಗಳೂರಿನ ಗ್ರಂಥಾಲಯಕ್ಕೆ ಬಸ್ಸು ಹತ್ತುವ ಕಾಲ ಅಲ್ಲಿಗೆ ಮುಗಿಯಿತು.

ಕೇಂದ್ರ ಸರ್ಕಾರದ ರಾಷ್ಟ್ರೀಯ ಫಾರ್ಮಸಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು, ಎಲ್ಲರೂ ನೈಪರ್ ಎನ್ನುವವು, ಈಗ ಏಳು ನಡೆಯುತ್ತಿವೆ. ಕರ್ನಾಟಕದಲ್ಲಿ ಒಂದೂ ಇಲ್ಲ. ಹಾಗಾಗಿ ರಾಜ್ಯದಲ್ಲಿ ಈ ಕ್ಷೇತ್ರದ ಸಂಶೋಧನೆಯ ಭಾರ ಬಹುಮಟ್ಟಿಗೆ ಖಾಸಗಿ ಸಂಘ–ಸಂಸ್ಥೆಗಳ ಕಾಲೇಜುಗಳ ಮೇಲೆ, ಅಂದರೆ ಅಲ್ಲಿನ ಅಧ್ಯಾಪಕರ ಮೇಲೆ ಬಿದ್ದಿದೆ.

ಪಠ್ಯಕ್ರಮದಲ್ಲಿ ಸಂಶೋಧನೆಯ ಪಾಲು

ಪಿಸಿಐಯ 2014ರ ನಿಯಮಾವಳಿಯಂತೆ ಎಂ.ಫಾರ್ಮ್ ನಾಲ್ಕು ಸೆಮಿಸ್ಟರ್‌ಗಳ ಓದು. ಪದವಿಗೆ ಕನಿಷ್ಠ 95 ಕ್ರೆಡಿಟ್ ಬೇಕು. ಮೊದಲೆರಡು ಸೆಮಿಸ್ಟರ್ ತರಗತಿ ಮತ್ತು ಪ್ರಾಯೋಗಿಕಗಳಿಗೆ ಹೋಗುತ್ತವೆ. ಮೂರನೆಯದರಲ್ಲಿ ಸಂಶೋಧನಾ ವಿಧಾನ ಹಾಗೂ ಜೀವಸಂಖ್ಯಾಶಾಸ್ತ್ರದ ಒಂದು ಪತ್ರಿಕೆ, ಜರ್ನಲ್ ಕ್ಲಬ್, ಪ್ರಸ್ತಾವದ ಮಂಡನೆ ಇರುತ್ತವೆ. ಜೊತೆಗೆ ವಾರಕ್ಕೆ 28 ಗಂಟೆ ಸಂಶೋಧನೆ. ನಾಲ್ಕನೆಯದರಲ್ಲಿ ಅದು 31 ಗಂಟೆಗೆ ಏರುತ್ತದೆ. ಪ್ರಬಂಧದ ಪುಸ್ತಕಕ್ಕೆ 500 ಅಂಕ. ಉದ್ದೇಶಕ್ಕೆ 50, ವಿಧಾನಕ್ಕೆ 150, ಫಲಿತಾಂಶ ಮತ್ತು ಚರ್ಚೆಗೆ 250, ತೀರ್ಮಾನಕ್ಕೆ 50 ಎಂದು ಹಂಚಿಕೆ. ಮಂಡನೆಗೆ ಪ್ರತ್ಯೇಕ 250. ಉದ್ದೇಶಕ್ಕೆ ಬರೀ 50 ಅಂಕ ಇಟ್ಟಿರುವುದು ಸರಿಯಲ್ಲ ಎನಿಸುತ್ತದೆ. ಉಳಿದ ಅಂಕಗಳ ಹಿಂದಿನ ದುಡಿಮೆ ಸಾರ್ಥಕವೋ ಅಲ್ಲವೋ ಎಂಬುದು ತೀರ್ಮಾನವಾಗುವುದೇ ಉದ್ದೇಶದಲ್ಲಿ.

ಫಾರ್ಮ್.ಡಿ 2008ರಲ್ಲಿ ಬಂದದ್ದು. ಆರು ವರ್ಷದ ಈ ಓದಿನಲ್ಲಿ ಐದನೇ ವರ್ಷ ಆರು ತಿಂಗಳ ಪ್ರಾಜೆಕ್ಟ್, ಆರನೇ ವರ್ಷ ಇಂಟರ್ನ್‌ಶಿಪ್. ಕಾಲೇಜಿಗೆ ಸ್ವಂತದ್ದೋ ಒಪ್ಪಂದದ್ದೋ ಕನಿಷ್ಠ 300 ಹಾಸಿಗೆಯ ಆಸ್ಪತ್ರೆ ಇರಲೇಬೇಕು. ಪಿಎಚ್.ಡಿಗೆ ಯುಜಿಸಿ ನಿಯಮ ಅನ್ವಯ. ಏಕಕಾಲಕ್ಕೆ ಪ್ರೊಫೆಸರ್ ಎಂಟು, ಅಸೋಸಿಯೇಟ್ ಪ್ರೊಫೆಸರ್ ಆರು, ಅಸಿಸ್ಟೆಂಟ್ ಪ್ರೊಫೆಸರ್ ನಾಲ್ಕು ಮಂದಿಗಿಂತ ಹೆಚ್ಚು ಅಭ್ಯರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ.

ಜಿಪ್ಯಾಟ್ ಪ್ರವೇಶ ಪರೀಕ್ಷೆ ಪಾಸಾಗಿ ಎಂ.ಫಾರ್ಮ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಶಿಷ್ಯವೇತನ ಇದೆ. ಪಾಸಾಗದವರಿಗೆ ಅದಿಲ್ಲ. ಅವರಲ್ಲಿ ಹಗಲು ಲ್ಯಾಬು, ಸಂಜೆ ಮೆಡಿಕಲ್ ಶಾಪು ಎಂದು ದುಡಿಯುವವರಿದ್ದಾರೆ. ಗೈಡ್ ಆದವರು ಇದನ್ನು ತಿಳಿದೇ ಪ್ರಯೋಗದ ವೇಳೆ ಗೊತ್ತುಮಾಡಬೇಕಾಗುತ್ತದೆ. ಸಂವಿಧಾನದ 371ಜೆ ವಿಧಿ ಈ ಭಾಗಕ್ಕೆ ಅನ್ವಯವಾದ ಮೇಲೆ ಸ್ಥಳೀಯರಿಗೆ ಇಲ್ಲಿನ ಸೀಟುಗಳಲ್ಲಿ ಮೀಸಲು ಸಿಕ್ಕಿದೆ. ಸಂಡೂರು, ಕಂಪ್ಲಿ, ಹೊಸಪೇಟೆಯ ಮಕ್ಕಳು ಮನೆಗೆ ಹತ್ತಿರದಲ್ಲೇ ಮೇಲಿನ ಓದು ಓದುವುದು ಸುಲಭವಾಗಿದೆ.

ಸಿನಾಪ್ಸಿಸ್

ಪ್ರಬಂಧದ ಕೆಲಸ ಶುರುವಾಗುವುದು ಸಿನಾಪ್ಸಿಸ್‌ನಿಂದ, ಅಂದರೆ ಸಂಶೋಧನೆಯ ಪ್ರಸ್ತಾವಪತ್ರದಿಂದ. ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ನಮೂನೆ ಈ ರಾಜ್ಯದಲ್ಲಿ ಎಂ.ಫಾರ್ಮ್ ಮಾಡಿದ ಬಹುಪಾಲು ಜನರಿಗೆ ಬಾಯಿಪಾಠ. 6.1ರಲ್ಲಿ ಅಧ್ಯಯನದ ಅಗತ್ಯ, 6.2ರಲ್ಲಿ ಹಿಂದಿನ ಸಾಹಿತ್ಯದ ಸಮೀಕ್ಷೆ, 6.3ರಲ್ಲಿ ಉದ್ದೇಶಗಳು. 7.1ರಲ್ಲಿ ದತ್ತಾಂಶದ ಮೂಲ, 7.2ರಲ್ಲಿ ಅದನ್ನು ಸಂಗ್ರಹಿಸುವ ವಿಧಾನ. 7.3 ರೋಗಿಗಳ ಮೇಲೆ, ಬೇರೆ ಮನುಷ್ಯರ ಮೇಲೆ ಅಥವಾ ಪ್ರಾಣಿಗಳ ಮೇಲೆ ಪರೀಕ್ಷೆ ಇದೆಯೇ ಎಂದು ಕೇಳುತ್ತದೆ. 7.4 ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕಿದೆಯೇ ಎಂದು ಕೇಳುತ್ತದೆ. ಕೊನೆಯಲ್ಲಿ ಗೈಡ್ ಅಭಿಪ್ರಾಯ ಬರೆಯಲು ಒಂದು ಜಾಗ. ಅಲ್ಲಿ ಒಂದೆರಡು ಒಳ್ಳೆಯ ಮಾತು ಬರೆದು ಸಹಿ ಹಾಕುವುದು ವಾಡಿಕೆ.

ನಮೂನೆಯಲ್ಲಿ ದೋಷವಿಲ್ಲ. ಆದರೆ ಕೊನೆಯ ದಿನಾಂಕ ಹತ್ತಿರ ಬಂದಾಗ 6.1ನ್ನು ಹಿರಿಯರ ಪ್ರಬಂಧದಿಂದ ಎತ್ತಿ, ಔಷಧದ ಹೆಸರು ಮಾತ್ರ ಬದಲಿಸಿ ಕಳಿಸುವುದು ಸಾಧ್ಯವಾಗುತ್ತದೆ. ಒಂದು ವರ್ಷ ಒಂದು ಔಷಧದ ನಿಧಾನ ಬಿಡುಗಡೆಯ ಮಾತ್ರೆ, ಮರುವರ್ಷ ಅದೇ ಪಾಲಿಮರ್‌ನಲ್ಲಿ ಇನ್ನೊಂದು ಔಷಧದ ಮಾತ್ರೆ. ಆ ಔಷಧವನ್ನು ನಿಧಾನವಾಗಿ ಬಿಡುಗಡೆ ಮಾಡುವ ಅಗತ್ಯ ರೋಗಿಗೆ ಇದೆಯೇ? ಅದರ ಅರ್ಧಾಯುವೇ ಇಡೀ ದಿನಕ್ಕೆ ಸಾಕಾಗುವಷ್ಟು ಇದೆಯಲ್ಲವೇ? ಒಳ್ಳೆಯ ಗೈಡ್ ಮೊದಲ ಭೇಟಿಯಲ್ಲೇ ಇದನ್ನು ಕೇಳುತ್ತಾರೆ. ಉತ್ತರ ಬರುವವರೆಗೆ ಸಹಿ ಹಾಕುವುದಿಲ್ಲ. ಹಾಗೆ ಕಳೆದುಹೋದ ಎರಡು ವಾರ ಮುಂದೆ ಆರು ತಿಂಗಳನ್ನು ಉಳಿಸುತ್ತದೆ.

ವಿಷಯದ ಎಳೆಯೊಂದನ್ನು ಹಿಡಿದು ವರ್ಷಗಟ್ಟಲೆ ಮುಂದುವರಿಸುವುದು ಇದಕ್ಕಿಂತ ತೀರ ಬೇರೆ. ಕಲಬುರಗಿಯ ಎಚ್‌ಕೆಇ ಸೊಸೈಟಿ ಕಾಲೇಜಿನಲ್ಲಿ ಬಾಯಲ್ಲೇ ಕರಗುವ ಮಾತ್ರೆಗಳ ಮೇಲೆ ನಡೆದ ಕೆಲಸ ಇದಕ್ಕೆ ಉದಾಹರಣೆ. ನುಂಗಲಾಗದ ಮುದುಕರು, ಮಕ್ಕಳು, ವಾಂತಿಯ ರೋಗಿಗಳು ನೀರಿಲ್ಲದೆ ತೆಗೆದುಕೊಳ್ಳಬಹುದಾದ ಮಾತ್ರೆ ಅದು. ಯುರೋಪಿನ ಫಾರ್ಮಾಕೋಪಿಯ ಅದಕ್ಕೆ ಮೂರು ನಿಮಿಷದ ಗಡುವು ಕೊಟ್ಟರೆ ಅಮೆರಿಕದ ಎಫ್‌ಡಿಎ ಸುಮಾರು 30 ಸೆಕೆಂಡ್ ಎನ್ನುತ್ತದೆ. ಆ ವೇಗಕ್ಕೆ ಬೇಕಾದ ದುಬಾರಿ ಕೃತಕ ದ್ರವ್ಯಗಳ ಬದಲು ಇಸಬಗೋಲಿನ ಲೋಳೆಯನ್ನು ಬಳಸಬಹುದು ಎಂದು ತೋರಿಸಿದ ಅಲ್ಲಿನ ತಂಡದ ಲೇಖನ 2009ರಲ್ಲಿ, ಶ್ರಾಫ್ ಆರಂಭಿಸಿದ ಅದೇ ಪತ್ರಿಕೆಯಲ್ಲಿ ಪ್ರಕಟವಾಯಿತು. ಮನೆಮನೆಯ ಇಸಬಗೋಲು, ಸಾಧಾರಣ ಮಾತ್ರೆಯ ಯಂತ್ರ, ಒಂದು ಗಡಿಯಾರ ಇವಿಷ್ಟೇ ಬಂಡವಾಳವಾಗಿದ್ದರೂ ಮಾಡಬಹುದಾದ ಕೆಲಸವದು. ದೂರದ ಊರಿನ ಕಾಲೇಜಿಗೂ ಒಂದು ಸ್ವಂತ ಗುರುತು ಇಂಥ ಕೆಲಸದಿಂದ ಬರುತ್ತದೆ.

ಲ್ಯಾಬಿನಲ್ಲಿ

ಮಾತ್ರೆಯಿಂದ ಔಷಧ ಕರಗಿ ಹೊರಬರುವುದನ್ನು ಅಳೆಯುವ, ಫಾರ್ಮಾಸ್ಯುಟಿಕ್ಸ್ ವಿಭಾಗದ ಡಿಸಲ್ಯೂಷನ್ ಪ್ರಯೋಗವನ್ನು ಹತ್ತಿರದಿಂದ ನೋಡಿದರೆ ಗೈಡ್‌ನ ಕೆಲಸ ಏನೆಂಬುದು ತಿಳಿಯುತ್ತದೆ. ಯಂತ್ರದಲ್ಲಿ ಆರು ಗಾಜಿನ ಪಾತ್ರೆಗಳು. ಒಂದೊಂದರಲ್ಲೂ ಸಾಮಾನ್ಯವಾಗಿ 900 ಮಿ.ಲೀ. ದ್ರಾವಣ, 37 ಡಿಗ್ರಿ ಸೆಲ್ಸಿಯಸ್ ಉಷ್ಣ, ನಿಮಿಷಕ್ಕೆ 50 ಸುತ್ತು ತಿರುಗುವ ಪ್ಯಾಡಲ್. ಮಾತ್ರೆಗಳನ್ನು ಒಟ್ಟಿಗೇ ಹಾಕಬಾರದು, ಒಂದೊಂದು ನಿಮಿಷ ಬಿಟ್ಟು ಹಾಕಬೇಕು. ಇಲ್ಲವಾದರೆ ಮಾದರಿ ತೆಗೆಯುವಾಗ ಆರನೇ ಪಾತ್ರೆಯ ಹೊತ್ತು ತಪ್ಪುತ್ತದೆ. 5 ಮಿ.ಲೀ. ತೆಗೆದರೆ ಅಷ್ಟೇ ಹೊಸ ದ್ರಾವಣ ಸೇರಿಸಬೇಕು, ಹಾಗೆ ತೆಗೆದು ಕಳೆದ ಔಷಧವನ್ನು ಮುಂದಿನ ಲೆಕ್ಕಕ್ಕೆ ಕೂಡಿಸಬೇಕು. ದ್ರಾವಣದೊಳಗಿನ ಗಾಳಿಯನ್ನು ಮೊದಲೇ ತೆಗೆಯದಿದ್ದರೆ ಸಣ್ಣ ಗುಳ್ಳೆಗಳು ಮಾತ್ರೆಗೆ ಅಂಟಿ ಅದನ್ನು ಮೇಲಕ್ಕೆತ್ತುತ್ತವೆ. ಹನ್ನೆರಡು ಗಂಟೆಯ ಮಾತ್ರೆಯಾದರೆ ಬೆಳಗ್ಗೆ ಏಳಕ್ಕೆ ಹಾಕಿದ್ದು ಸಂಜೆ ಏಳಕ್ಕೆ ಮುಗಿಯುತ್ತದೆ. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ.

ಇವೆಲ್ಲ ಪುಸ್ತಕದಲ್ಲಿ ಇವೆ. ಆದರೆ ಪುಸ್ತಕ ಓದಿ ಯಾರಿಗೂ ಇವು ಬರುವುದಿಲ್ಲ. ಮೊದಲ ಪ್ರಯೋಗದ ದಿನ ಗೈಡ್ ಪಕ್ಕದಲ್ಲಿ ನಿಂತು ತೋರಿಸಿದರೆ ಬರುತ್ತವೆ.

ಆಮೇಲಿನ ಲೆಕ್ಕದಲ್ಲಿ ಇನ್ನೊಂದು ಪರೀಕ್ಷೆ ಇದೆ. ಬಂದ ಅಂಕಿಗಳನ್ನು ಹಿಗುಚಿ, ಕೋರ್ಸ್‌ಮೇಯರ್–ಪೆಪ್ಪಾಸ್ ಸಮೀಕರಣಗಳಿಗೆ ಹೊಂದಿಸಿ, ಯಾವುದರ ಹೊಂದಾಣಿಕೆಯ ಅಂಕಿ ದೊಡ್ಡದೋ ಅದನ್ನೇ ಔಷಧ ಹೊರಬರುವ ಬಗೆ ಎಂದು ಬರೆದುಬಿಡುವ ರೂಢಿ ವ್ಯಾಪಕವಾಗಿದೆ. ತಾಕೇರು ಹಿಗುಚಿ 1961ರಲ್ಲಿ ತಮ್ಮ ಸಮೀಕರಣವನ್ನು ಮೊದಲು ಕೊಟ್ಟದ್ದು ಮುಲಾಮಿನಿಂದ ಔಷಧ ಹೊರಬರುವುದನ್ನು ವಿವರಿಸಲು. ಪೆಪ್ಪಾಸ್ ಸಮೀಕರಣವನ್ನು ಮೊದಲ ಶೇ 60ರಷ್ಟು ಬಿಡುಗಡೆಗೆ ಮಾತ್ರ ಅನ್ವಯಿಸಬೇಕು, ನೂರರವರೆಗೂ ಎಳೆಯುವಂತಿಲ್ಲ. ಸಾಫ್ಟ್‌ವೇರ್ ಇದನ್ನು ಹೇಳುವುದಿಲ್ಲ, ಗೈಡ್ ಹೇಳಬೇಕು. ವಿಸ್ಕಾನ್ಸಿನ್‌ನಲ್ಲೂ ಆಮೇಲೆ ಕ್ಯಾನ್ಸಸ್‌ನಲ್ಲೂ ಹಿಗುಚಿ ಬೆಳೆಸಿದ ವಿದ್ಯಾರ್ಥಿಗಳು ಅಮೆರಿಕದ ಎಷ್ಟೋ ಫಾರ್ಮಸಿ ವಿಭಾಗಗಳನ್ನು ಕಟ್ಟಿದರು. ಭೌತಿಕ ರಸಾಯನಶಾಸ್ತ್ರದ ಕಣ್ಣಿನಿಂದ ಮಾತ್ರೆಯನ್ನು ನೋಡುವ ಅಭ್ಯಾಸವನ್ನು ಅವರು ಶಿಷ್ಯರ ಕೈಗೆ ಹತ್ತಿಸಿದ್ದು ಅದಕ್ಕೆ ಕಾರಣ.

ದುಬಾರಿ ಯಂತ್ರಗಳ ಮಾತು ಬೇರೆ. ಎಫ್‌ಟಿಐಆರ್, ಡಿಎಸ್‌ಸಿ, ಕೆಲವೆಡೆ ಎಚ್‌ಪಿಎಲ್‌ಸಿ ಕೂಡ ಇಲ್ಲದ ಕಾಲೇಜುಗಳಿಂದ ಮಾದರಿಗಳು ದೊಡ್ಡ ಊರಿಗೆ ಹೋಗುತ್ತವೆ, ವರದಿಗಳು ಮೇಲ್‌ನಲ್ಲಿ ಬರುತ್ತವೆ. ಬಂದ ಗ್ರಾಫನ್ನು ಪ್ರಬಂಧಕ್ಕೆ ಅಂಟಿಸಿದ ವಿದ್ಯಾರ್ಥಿಗೆ ಅದರ ಒಂದು ಶಿಖರ ಏಕೆ ಜರುಗಿದೆ ಎಂದು ವೈವಾದಲ್ಲಿ ಕೇಳಿದರೆ ಉತ್ತರ ಹೊರಡುವುದಿಲ್ಲ. ವಿದ್ಯಾರ್ಥಿಯನ್ನೇ ಮಾದರಿಯ ಜೊತೆ ಕಳಿಸಿ, ಒಂದು ದಿನ ಆ ಯಂತ್ರದ ಮುಂದೆ ಕೂರಿಸುವ ಗೈಡ್‌ಗಳು ಇದ್ದಾರೆ. ಬಸ್ ಚಾರ್ಜಿನಷ್ಟು ಖರ್ಚಿನಲ್ಲಿ ಅರ್ಧ ಪಠ್ಯ ಮುಗಿಯುತ್ತದೆ.

ವಾರ್ಡಿನಲ್ಲಿ

ಆಸ್ಪತ್ರೆಯನ್ನೇ ಲ್ಯಾಬಾಗಿ ಮಾಡಿಕೊಂಡ ಶಾಖೆಗೆ ಕರ್ನಾಟಕದ ಕೊಡುಗೆ ದೊಡ್ಡದು. 1990ರ ದಶಕದ ಉತ್ತರಾರ್ಧದಲ್ಲಿ ಮೈಸೂರು ಮತ್ತು ಊಟಿಯ ಜೆಎಸ್‌ಎಸ್ ಕಾಲೇಜುಗಳು ಆಸ್ಟ್ರೇಲಿಯದ ಫಾರ್ಮಸಿಸ್ಟರ ನೆರವಿನಿಂದ ಎಂ.ಫಾರ್ಮ್ ಫಾರ್ಮಸಿ ಪ್ರಾಕ್ಟೀಸ್ ಆರಂಭಿಸಿದವು. ವೈದ್ಯರ ಜೊತೆ ವಾರ್ಡ್ ರೌಂಡ್ಸ್‌ಗೆ ಹೋಗುವುದು, ರೋಗಿಯ ಔಷಧಗಳ ಪಟ್ಟಿ ಪರಿಶೀಲಿಸುವುದು, ಔಷಧದಿಂದಲೇ ಆದ ತೊಂದರೆ ಗುರುತಿಸುವುದು ಇಲ್ಲಿನ ಪಾಠ. ಗೈಡ್ ಹಾಸಿಗೆಯ ಬಳಿ ನಿಂತು ರೋಗಿಯನ್ನು ಮಾತಾಡಿಸುವುದನ್ನು ಕಂಡೇ ವಿದ್ಯಾರ್ಥಿ ಕಲಿಯಬೇಕು. ಈ ಅನುಭವವನ್ನು ಪುಸ್ತಕವಾಗಿಸಿ ಜಿ. ಪಾರ್ಥಸಾರಥಿ, ಕರಿನ್ ನೈಫೋರ್ಟ್–ಹ್ಯಾನ್ಸನ್, ಮಿಲಾಪ್ ನಹಾತಾ ಸಂಪಾದಿಸಿದ ಕ್ಲಿನಿಕಲ್ ಫಾರ್ಮಸಿ ಪಠ್ಯ 2004ರಲ್ಲಿ ಬಂದು ದೇಶದ ಕಾಲೇಜುಗಳಲ್ಲಿ ಬಳಕೆಗೆ ಬಂತು.

2010ರಲ್ಲಿ ಔಷಧಗಳ ಅಡ್ಡಪರಿಣಾಮಗಳ ಮೇಲೆ ಕಣ್ಣಿಡುವ ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ಆರಂಭವಾದಾಗ ಈ ತರಬೇತಿಗೆ ರಾಷ್ಟ್ರಮಟ್ಟದ ಉಪಯೋಗ ದೊರಕಿತು. ಬಳ್ಳಾರಿಯಲ್ಲಿ 1961ರಲ್ಲಿ ಆರಂಭವಾಗಿ ಬಹುಕಾಲ ವಿಮ್ಸ್ ಎಂದು ಹೆಸರಾಗಿದ್ದ ವೈದ್ಯಕೀಯ ಕಾಲೇಜು ಸುತ್ತಲಿನ ಜಿಲ್ಲೆಗಳ ಬಡವರಿಗೆಲ್ಲ ದೊಡ್ಡಾಸ್ಪತ್ರೆ. ಕಂಪ್ಲಿಯ ಗದ್ದೆಯಲ್ಲಿ ಕೀಟನಾಶಕ ಹೊಡೆಯುವಾಗ ತಲೆ ಸುತ್ತಿ ಬಿದ್ದವರು, ಹಾವು ಕಚ್ಚಿಸಿಕೊಂಡವರು, ಗಣಿಯ ಧೂಳಿನಲ್ಲಿ ದುಡಿದು ಉಬ್ಬಸ ಹತ್ತಿದವರು ಇಂಥ ಆಸ್ಪತ್ರೆಗೇ ಬರುತ್ತಾರೆ. ಔಷಧ ಬಳಕೆಯನ್ನು ಅಧ್ಯಯನ ಮಾಡಬೇಕೆನ್ನುವ ಗೈಡ್‌ಗೆ ಇದಕ್ಕಿಂತ ಬೇರೆ ಜಾಗ ಹುಡುಕಬೇಕಿಲ್ಲ. ರೋಗಿಯೊಂದಿಗೆ ಅವನದೇ ಕನ್ನಡದಲ್ಲಿ, ಬೇಕಾದರೆ ತೆಲುಗಿನಲ್ಲಿ, ಲಂಬಾಣಿಯಲ್ಲಿ ಮಾತಾಡಬಲ್ಲ ಸ್ಥಳೀಯ ವಿದ್ಯಾರ್ಥಿ ತರುವ ಮಾಹಿತಿ ಹೊರಗಿನವರಿಗೆ ದಕ್ಕುವಂಥದ್ದಲ್ಲ. ಯಜಮಾನರೇ, ಗುಳಿಗೆ ಊಟದ ಮೊದಲು ತಗೊಂಡ್ರೋ ಆಮೇಲೋ ಎಂದು ಕೇಳಿ ಬರೆದುಕೊಳ್ಳುವುದೂ ಸಂಶೋಧನೆಯ ದತ್ತಾಂಶವೇ.

ಒಪ್ಪಿಗೆಗಳು

ಪ್ರಾಣಿಪ್ರಯೋಗಕ್ಕೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿಯ ಕೇಂದ್ರ ಸಮಿತಿಯ ನೋಂದಣಿ ಮತ್ತು ಕಾಲೇಜಿನ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಫಾರ್ಮ್ ಬಿ ತುಂಬುವಾಗ ಎಷ್ಟು ಇಲಿ, ಏಕೆ ಅಷ್ಟು, ಪ್ರಾಣಿಯಿಲ್ಲದೆ ಮಾಡಲಾಗದೇ ಎಂಬುದಕ್ಕೆ ಉತ್ತರ ಕೊಡಬೇಕು. ರೋಗಿಗಳ ಅಧ್ಯಯನಕ್ಕೆ ಆಸ್ಪತ್ರೆಯ ನೈತಿಕ ಸಮಿತಿ ಬೇರೆ. ರೋಗಿಯ ಒಪ್ಪಿಗೆಪತ್ರ ಕನ್ನಡದಲ್ಲಿ, ಓದಲು ಬಾರದವರಿಗೆ ಓದಿ ಹೇಳಿ ಸಾಕ್ಷಿಯ ಮುಂದೆ ಪಡೆಯುವಂಥದ್ದು. ಈ ಪತ್ರದ ಕನ್ನಡ ಹಲವು ಸಲ ಕಚೇರಿಯ ಭಾಷೆಯಂತೆ ಬಿಗಿದಿರುತ್ತದೆ. ಅದನ್ನು ಊರಿನ ಮಾತಿಗೆ ಇಳಿಸುವುದನ್ನೂ ಗೈಡ್‌ನ ಕರ್ತವ್ಯದಲ್ಲಿ ಸೇರಿಸಬೇಕು.

ಪ್ರಕಟಣೆ ಮತ್ತು ಅಧ್ಯಾಪಕರ ಒತ್ತಡ

2000ದ ದಶಕದ ಕೊನೆಯಿಂದ ಹಣ ಪಡೆದು ಏನು ಕೊಟ್ಟರೂ ಪ್ರಕಟಿಸುವ ಪತ್ರಿಕೆಗಳು ಭಾರತದಲ್ಲಿ ಹೇರಳವಾದವು. ಫಾರ್ಮಸಿ ಕ್ಷೇತ್ರಕ್ಕೆ ಇದು ವಿಶೇಷವಾಗಿ ಅಂಟಿತು. 2013ರಲ್ಲಿ ಪತ್ರಕರ್ತ ಜಾನ್ ಬೊಹಾನನ್ ಬೇಕೆಂದೇ ತಪ್ಪು ತುಂಬಿದ ಒಂದು ಔಷಧ ಲೇಖನವನ್ನು ನೂರಾರು ಪತ್ರಿಕೆಗಳಿಗೆ ಕಳಿಸಿ, ಅರ್ಧಕ್ಕಿಂತ ಹೆಚ್ಚು ಪತ್ರಿಕೆಗಳು ಒಪ್ಪಿಕೊಂಡದ್ದನ್ನು ಸೈನ್ಸ್ ಪತ್ರಿಕೆಯಲ್ಲಿ ಬಯಲು ಮಾಡಿದರು. ಯುಜಿಸಿ 2018ರಲ್ಲಿ ಕೃತಿಚೌರ್ಯದ ವಿರುದ್ಧ ನಿಯಮ ತಂದು ಶೇ 10ರವರೆಗಿನ ಹೋಲಿಕೆಯನ್ನಷ್ಟೇ ದಂಡವಿಲ್ಲದೆ ಬಿಟ್ಟಿತು. 2022ರ ನಿಯಮದಲ್ಲಿ ಪಿಎಚ್.ಡಿ ಪ್ರಬಂಧ ಒಪ್ಪಿಸುವ ಮುಂಚೆ ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಕೈಬಿಟ್ಟಿತು. ಎರಡನೆಯದು ಒಳ್ಳೆಯ ನಿರ್ಧಾರ. ಗಡುವಿಗೆ ಬರೆದ ಲೇಖನದಿಂದ ವಿದ್ಯಾರ್ಥಿಗೂ ರೋಗಿಗೂ ಪ್ರಯೋಜನವಿಲ್ಲ.

ಅಧ್ಯಾಪಕರ ಸಂಖ್ಯೆಯ ಪ್ರಶ್ನೆಗೂ ಕರ್ನಾಟಕದ ನಂಟಿದೆ. ಹೊಸ ಫಾರ್ಮಸಿ ಕಾಲೇಜುಗಳಿಗೆ ಪಿಸಿಐ 2019ರಲ್ಲಿ ಹಾಕಿದ ಐದು ವರ್ಷದ ತಡೆಯನ್ನು ಹಾಸನದ ರಾಜೀವ್ ಫಾರ್ಮಸಿ ಕಾಲೇಜಿನ ಹೆಸರಿನಲ್ಲಿರುವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಒಪ್ಪಲಿಲ್ಲ. ಬರೀ ಒಂದು ನಿರ್ಣಯದಿಂದ ಅಂಥ ನಿರ್ಬಂಧ ಹೇರಲಾಗದು ಎಂದಿತು. ಆಮೇಲೆ ಕಾಲೇಜುಗಳು ಮತ್ತೆ ಹೆಚ್ಚತೊಡಗಿದವು. ಎಂ.ಫಾರ್ಮ್ ಮುಗಿಸಿದ ಮರುತಿಂಗಳೇ ಪಾಠಕ್ಕೆ ನಿಲ್ಲುವ ಯುವಕ ಯುವತಿಯರು ಮುಂದೆ ಬೇಗನೆ ಗೈಡ್ ಆಗುತ್ತಾರೆ. ತಾವೇ ಒಳ್ಳೆಯ ಗೈಡ್‌ನ ಕೈಯಲ್ಲಿ ಪಳಗಿದ್ದರೆ ಮಾತ್ರ ಅವರಿಗೆ ಅದು ಸಲೀಸು. ಬಿ.ಫಾರ್ಮ್ ಪಾಠ, ತಪಾಸಣೆಯ ಕಡತ, ಪ್ರವೇಶದ ಓಡಾಟ ಎಲ್ಲ ಅವರ ತಲೆಯ ಮೇಲೇ ಇರುತ್ತವೆ. ಸಂಶೋಧನೆಯ ಮಾರ್ಗದರ್ಶನವನ್ನು ವೇಳಾಪಟ್ಟಿಯಲ್ಲಿ ಪಾಠದಂತೆಯೇ ಗಂಟೆ ಹಾಕಿ ಬರೆಯುವವರೆಗೆ ಈ ಒತ್ತಡ ಇಳಿಯುವುದಿಲ್ಲ.

ಈ ಸೀಮೆಯ ಪ್ರಶ್ನೆಗಳು

ಸಂಡೂರಿನ ಗುಡ್ಡಗಳಲ್ಲಿ, ದರೋಜಿಯ ಕುರುಚಲು ಕಾಡಿನಲ್ಲಿ, ಗಾದಿಗನೂರಿನ ಬಯಲಿನಲ್ಲಿ ತಂಗಡಿ, ಅಮೃತಬಳ್ಳಿ, ಉತ್ತರಾಣಿ, ನೆಗ್ಗಿಲು ಸಿಗುತ್ತವೆ. ಎಲೆಯ ಸಾರ ತೆಗೆದು ಸಕ್ಕರೆ ಕಾಯಿಲೆ ಬರಿಸಿದ ಇಲಿಗೆ ಕೊಟ್ಟು ನೋಡುವ ಪ್ರಬಂಧಗಳು ದೇಶದ ತುಂಬ ಬಂದಿವೆ. ಅವುಗಳಲ್ಲಿ ಬಹಳಷ್ಟು ಅಲ್ಲಿಗೇ ನಿಂತಿವೆ, ಸಾರದಲ್ಲಿ ಯಾವ ದ್ರವ್ಯ ಎಷ್ಟಿದೆ ಎಂದು ಅಳೆಯುವತ್ತ ಹೋಗಿಲ್ಲ. ಗಿಡವನ್ನು ಸಸ್ಯಶಾಸ್ತ್ರಜ್ಞರಿಂದ ಗುರುತಿಸಿ, ಒಣಗಿಸಿದ ಮಾದರಿಯನ್ನು ಸಂಖ್ಯೆ ಹಾಕಿ ಹರ್ಬೇರಿಯಂನಲ್ಲಿ ಇಡುವುದು ಮೊದಲ ಶಿಸ್ತು. ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಸಂಡೂರಿನ ನಂದಿಹಳ್ಳಿಯಲ್ಲೇ ಸ್ನಾತಕೋತ್ತರ ಕೇಂದ್ರ ಇದೆ. ಫಾರ್ಮಸಿಯ ಗೈಡ್‌ಗಳು ಪಕ್ಕದ ವಿಶ್ವವಿದ್ಯಾಲಯದ ಸಸ್ಯ ಮತ್ತು ರಸಾಯನ ವಿಭಾಗಗಳ ಜೊತೆ ಕೈಜೋಡಿಸಿದರೆ ಇಬ್ಬರಿಗೂ ಲಾಭ.

ಇನ್ನೊಂದು ಪ್ರಶ್ನೆ ಬಿಸಿಲಿನದು. ಎಷ್ಟೋ ಮಾತ್ರೆಗಳ ಪಟ್ಟಿಯ ಮೇಲೆ 30 ಡಿಗ್ರಿಗಿಂತ ಕಡಿಮೆ ಉಷ್ಣದಲ್ಲಿ ಇಡಿ ಎಂದಿರುತ್ತದೆ. ಬಳ್ಳಾರಿ, ಹೊಸಪೇಟೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಶೀಟ್ ಹೊದಿಸಿದ ಮೆಡಿಕಲ್ ಶಾಪಿನ ಅಟ್ಟದ ಮೇಲೆ, ಬಾಗಿಲು ಮುಚ್ಚಿದ ರಾತ್ರಿಯಲ್ಲೂ, ಎಷ್ಟಿರುತ್ತದೆ? ಕಂಪನಿಗಳು ವೇಗವರ್ಧಿತ ಪರೀಕ್ಷೆಯಲ್ಲಿ 40 ಡಿಗ್ರಿ ಉಷ್ಣ, ಶೇ 75 ತೇವಾಂಶದಲ್ಲಿ ಆರು ತಿಂಗಳು ಇಟ್ಟು ನೋಡುತ್ತವೆ. ಆದರೆ ಇಲ್ಲಿನ ಬೇಸಿಗೆಯದು ಒಣ ಸೆಕೆ. ಗಟ್ಟಿ ಜೆಲಟಿನ್ ಕ್ಯಾಪ್ಸೂಲಿನ ಕವಚದಲ್ಲಿ ಶೇ 13ರಿಂದ 16ರಷ್ಟು ನೀರಿರಬೇಕು, ಅದು ಆರಿದರೆ ಕವಚ ಗರಿಗರಿಯಾಗಿ ಒಡೆಯುತ್ತದೆ. ತೇವದ ಪೆಟ್ಟಿಗೆಯೊಳಗೆ ಈ ತೊಂದರೆ ಕಾಣಿಸುವುದೇ ಇಲ್ಲ.

ಇದನ್ನು ತಿಳಿಯಲು ಉಷ್ಣ ಮತ್ತು ತೇವ ದಾಖಲಿಸುವ ಕೆಲವು ಸಣ್ಣ ಲಾಗರ್‌ಗಳು, ಒಪ್ಪಿಗೆ ಕೊಡುವ ನಾಲ್ಕಾರು ಅಂಗಡಿಗಳು, ಎಲ್ಲ ಕಾಲೇಜುಗಳಲ್ಲೂ ಇರುವ ಯುವಿ ಯಂತ್ರ ಮತ್ತು ಡಿಸಲ್ಯೂಷನ್ ಯಂತ್ರ ಸಾಕು. ಫಲಿತಾಂಶ ಬಂದರೆ ಅಂಗಡಿಯವರಿಗೂ ಔಷಧ ನಿಯಂತ್ರಕರಿಗೂ ಅದು ಬೇಕಾದ ಮಾಹಿತಿ. ಒಂದೇ ಷರತ್ತು ಕಾಲದ್ದು. ಸಿನಾಪ್ಸಿಸ್ ಫೆಬ್ರವರಿಯೊಳಗೆ ಒಪ್ಪಿಗೆಯಾಗಿ, ಲಾಗರ್‌ಗಳು ಮಾರ್ಚ್ ಮೊದಲ ವಾರ ಅಂಗಡಿಯಲ್ಲಿ ಕೂರಬೇಕು. ಏಪ್ರಿಲ್, ಮೇ ಕೈತಪ್ಪಿದರೆ ಇನ್ನೊಂದು ಬೇಸಿಗೆಗೆ ಕಾಯಬೇಕು, ಸಂಶೋಧನೆಗೆ ಎರಡೇ ಸೆಮಿಸ್ಟರ್ ಕೊಡುವ ಎಂ.ಫಾರ್ಮ್‌ನಲ್ಲಿ ಅಷ್ಟು ಕಾಯಲು ಅವಕಾಶವಿಲ್ಲ.